ಸಹಾಯ ಬೇಕು: ಶಾಲೆ ಗೇಟಿನ ಹತ್ತಿರದ ಅಂಗಡಿ ಬಗ್ಗೆ ಯಾರಿಗೆ ಹೇಳೋದು?

ನಮಸ್ಕಾರ. ಮಗ 5ನೇ ಕ್ಲಾಸು, ತೂಕ ಆಗಲೇ 48 ಕೆಜಿ. ಡಾಕ್ಟರು ಮೊದಲು ಬಾಟ್ಲಿ ಜ್ಯೂಸ್ ಬಿಡಿಸಿ ಅಂದ್ರು. ಮನೇಲಿ ತರೋದು ನಿಲ್ಲಿಸಿದ್ವಿ, ಬ್ಯಾಗಿಗೆ ಮಜ್ಜಿಗೆ ಹಾಕಿ ಕಳಿಸಿದ್ವಿ. ಸಂಜೆ ಮಜ್ಜಿಗೆ ಹಾಗೇ ವಾಪಸ್ಸು, ಶರ್ಟಿನ ಮೇಲೆ ಕಿತ್ತಳೆ ಕಲೆ! ಗೇಟಿಂದ ಇಪ್ಪತ್ತು ಹೆಜ್ಜೇಲಿ ಅಂಗಡಿ. ಲೇಬಲ್ ನೋಡಿದ್ರೆ 100 ಎಂಎಲ್‌ಗೆ 13 ಗ್ರಾಂ ಸಕ್ಕರೆ. 200 ಎಂಎಲ್ ಬಾಟ್ಲಿಗೆ ಆರು ಚಮಚದ ಮೇಲಾಯ್ತು.

ಗೇಟಿನಿಂದ 50 ಮೀಟರ್ ಒಳಗೆ ಇಂಥದ್ದು ಮಾರಬಾರದು ಅಂತ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐನ 2020ರ ನಿಯಮ ಇದೆ. ಹೆಡ್‌ಮಾಸ್ಟರು ‘ಕಾಂಪೌಂಡ್ ಆಚೆಗೆ ನಮಗೆ ಸಂಬಂಧ ಇಲ್ಲ’ ಅಂತಾರೆ. ಅಂಗಡಿಯವರ ಹೊಟ್ಟೆ ಮೇಲೆ ಹೊಡೆಯೋ ಆಸೆ ನಮಗೂ ಇಲ್ಲ, ಎಳನೀರು ಇಟ್ರೆ ನಾವೇ ಗಿರಾಕಿ.

ಅರ್ಜಿ ಕೊಡಬೇಕಾದ್ದು ಬಿಇಒಗೋ (ಕ್ಷೇತ್ರ ಶಿಕ್ಷಣಾಧಿಕಾರಿ), ಆಹಾರ ಸುರಕ್ಷತಾ ಅಧಿಕಾರಿಗೋ, ಪುರಸಭೆಗೋ? ಯಾರಾದ್ರೂ ಕೊಟ್ಟು ಕೆಲಸ ಆಗಿದ್ಯಾ?