ಪದ ಬೇಕು: ಕೈಯಲ್ಲೇ ಬರೆದ ಮಷಿನ್ ಕೋಡ್‌ಗೆ ಏನನ್ನೋಣ? (ನಾಳೆ ಅಚ್ಚಿಗೆ)

ಎಲ್ಲರಿಗೂ ನಮಸ್ಕಾರ.

ಸ್ವಲ್ಪ ಅವಸರ ಇದೆ. ಹಳೆ ಕಂಪ್ಯೂಟರುಗಳ ಪ್ರದರ್ಶನವೊಂದಕ್ಕೆ ನನ್ನ ನೋಟ್‌ಬುಕ್ ಕೊಡುತ್ತಿದ್ದೇನೆ. ಪಕ್ಕದಲ್ಲಿ ಇಡುವ ಚೀಟಿಗೆ ಕನ್ನಡದಲ್ಲಿ ಒಂದು ಸಾಲು ಬೇಕು. ನಾಳೆ ಸಂಜೆ ಅಚ್ಚಿಗೆ ಹೋಗುತ್ತದೆ.

ನೋಟ್‌ಬುಕ್ ಹಳೆ ಟ್ರಂಕಿನ ತಳದಲ್ಲಿ ಸಿಕ್ಕಿತು. 1982ರಲ್ಲಿ ಬಂದ ಝಡ್‌ಎಕ್ಸ್ ಸ್ಪೆಕ್ಟ್ರಮ್ ಅನ್ನೋ ಮನೆ ಕಂಪ್ಯೂಟರಿಗೆ ಬರೆದ ಪ್ರೋಗ್ರಾಮ್‌ಗಳು. ಎಡಗಡೆ ಅದರೊಳಗಿನ ಝಡ್80 ಚಿಪ್ಪಿನ ಆದೇಶಗಳು, ಬಲಗಡೆ ಅವುಗಳ ಅಂಕಿಗಳು, ಅಂದರೆ ಮಷಿನ್ ಕೋಡ್. ಆದೇಶಗಳನ್ನು ತಾನೇ ಅಂಕಿ ಮಾಡಿಕೊಡುವ ಅಸೆಂಬ್ಲರ್ ಅನ್ನೋ ಪ್ರೋಗ್ರಾಮ್ ನನ್ನ ಹತ್ತಿರ ಇರಲಿಲ್ಲ. ಆದೇಶ ಬರೆಯುವುದು, ಕೈಪಿಡಿಯ ಹಿಂದಿದ್ದ ಪಟ್ಟಿಯಲ್ಲಿ ಅದರ ಅಂಕಿ ಹುಡುಕುವುದು, ಆಮೇಲೆ ಒಂದೊಂದೇ ಪೋಕ್ ಮಾಡುವುದು, ಅಂದರೆ ಮೆಮೊರಿಗೆ ತುಂಬುವುದು. ಒಂದು ಪುಟದಲ್ಲಿ ಇರುವುದು ಇಷ್ಟೇ:

33, 0, 88, 6, 32, 54, 48, 35, 16, 251, 201

ಪರದೆಯ ಮೊದಲ ಸಾಲಿನ 32 ಮನೆಗೂ ಹಳದಿ ಬಳಿಯುವ 11 ಬೈಟು, ಅಂದರೆ 0ಯಿಂದ 255ರೊಳಗಿನ 11 ಅಂಕಿ. 251 ಇರುವ ಜಾಗದಲ್ಲಿ ಕಾಗದ ತೂತಾಗುವಷ್ಟು ರಬ್ಬರ್ ಉಜ್ಜಿದ್ದೇನೆ. ಐದು ಹೆಜ್ಜೆ ಹಿಂದಕ್ಕೆ ಹೋಗು ಅನ್ನುವುದಕ್ಕೆ 256ರಲ್ಲಿ 5 ಕಳೆದು 251. ಮೊದಲು 252 ಬರೆದಿದ್ದೆ ಅಂತ ಕಾಣುತ್ತೆ. ಆಗ ಜಿಗಿತ ಸೀದಾ ಆ 48ರ ಮೇಲೆ ಬೀಳುತ್ತೆ. 48 ಅಲ್ಲಿ ಹಳದಿ ಬಣ್ಣ, ಆದರೆ ಆದೇಶ ಅಂತ ಓದಿದರೆ ಅದೇ ಇನ್ನೊಂದು ಜಿಗಿತ. ಮಷಿನ್ ಎಲ್ಲಿಗೋ ಹಾರಿ ಹೋಗೋದು. ಟೇಪಿಗೆ ಹಾಕಿರದಿದ್ದರೆ ಎಲ್ಲ ಮೊದಲಿಂದ.

ಈ ಕೆಲಸಕ್ಕೆ ಹ್ಯಾಂಡ್ ಅಸೆಂಬ್ಲಿ ಅಂತಾರೆ. ನಾನು ‘ಕೈಜೋಡಣೆ’ ಅಂತ ಬರೆದಿಟ್ಟಿದ್ದೇನೆ. ನಡೆಯುತ್ತಾ?

ಉತ್ತರ 1

ನಡೆಯಲ್ಲ. ಕೈಜೋಡಿಸು ಅಂದರೆ ನೆರವಾಗು. ನಾಲ್ಕು ಜನ ಸೇರಿ ಬರೆದ ಪುಸ್ತಕ ಅಂದುಕೊಳ್ಳುತ್ತಾರೆ. ‘ಕೈಸಂಕೇತ’ ಅಂತ ಯಾರಾದರೂ ಹೇಳುವ ಮುಂಚೆಯೇ ಹೇಳಿಬಿಡುತ್ತೇನೆ, ಅದು ಕೈಸನ್ನೆ. ‘ಹಸ್ತಲಿಖಿತ ಯಂತ್ರಸಂಕೇತ’ ಅಂತ ಹಾಕಿ. ಮುಗಿಯಿತು.

ಉತ್ತರ 2

> ಮುಗಿಯಿತು.

ಯಾರಿಗೆ ಮುಗಿಯಿತು ಸಾರ್? ಇದರಲ್ಲಿ ಕನ್ನಡ ಎಲ್ಲಿದೆ? ಕೈಬರಹ ಅನ್ನೋ ಒಳ್ಳೆ ಮಾತು ಇರುವಾಗ ಹಸ್ತಲಿಖಿತ ಯಾಕೆ ಬೇಕು? ‘ಸಂಕೇತ’ ಹಳೆ ಕಾವ್ಯದಲ್ಲಿ ನಲ್ಲನೂ ನಲ್ಲೆಯೂ ಗುಟ್ಟಾಗಿ ಸೇರೋ ಜಾಗ. ಇನ್ನು ಅಂಕಿ ತುಂಬಿದ ಹಾಳೆಯ ಪಕ್ಕ ‘ಯಂತ್ರ’ ಅಂತ ಬರೆದರೆ ತಾಯತದೊಳಗೆ ಇಡೋ ಚೀಟಿ ಅಂದುಕೊಂಡಾರು. ‘ಕೈಬರಹದ ಬಿಣಿಗೆನುಡಿ’ ಅನ್ನಿ.

ಉತ್ತರ 3

ಬಿಣಿಗೆ ಅಂದರೆ ಮಷಿನ್ ಅಂತ ಪಕ್ಕದಲ್ಲಿ ಇನ್ನೊಂದು ಚೀಟಿ ಇಡಬೇಕಾಗುತ್ತೆ.

ಇಲ್ಲಿ ಯಾರಿಗೂ ಕಟಪಯಾದಿ, ಅಂದರೆ ಅಕ್ಷರಗಳಲ್ಲಿ ಅಂಕಿ ಅಡಗಿಸೋ ಹಳೆ ಪದ್ಧತಿ, ನೆನಪಾಗಲಿಲ್ಲವಲ್ಲ! ಅಕ್ಷರ ಕೊಟ್ಟರೆ ಪಟ್ಟಿ ನೋಡಿ ಅಂಕಿ ತೆಗೆಯೋದು ನಮಗೆ ಹೊಸದಾ? ಕರ್ನಾಟಕ ಸಂಗೀತದ ಧೀರಶಂಕರಾಭರಣ ರಾಗ ತಗೊಳ್ಳಿ. ಧ ಅಂದರೆ 9, ರ ಅಂದರೆ 2. ತಿರುಗಿಸಿ ಓದಿದರೆ 29, ಅದೇ ಮೇಳಕರ್ತ ರಾಗಗಳ ಪಟ್ಟಿಯಲ್ಲಿ ಅದರ ಸಂಖ್ಯೆ. ಆ ತಿರುಗಿಸಿ ಓದೋದೂ ನಿಮ್ಮ ಪುಟದಲ್ಲಿದೆ. 33 ಆದಮೇಲೆ 0, 88 ಅಂತಿದೆ ಅಲ್ವಾ? ಮೆಮೊರಿಯ ವಿಳಾಸ 88ರ 256 ಪಟ್ಟು, ಅಂದರೆ 22528. ಚಿಕ್ಕ ಬೈಟು ಮೊದಲು, ದೊಡ್ಡದು ಆಮೇಲೆ. ‘ಅಂಕಾನಾಂ ವಾಮತೋ ಗತಿಃ’, ಅಂಕಿಗಳ ನಡೆ ಎಡಕ್ಕೆ ಅಂತ ಸುಮ್ನೆ ಹೇಳಿದರಾ? ‘ಕಟಪಯ ಕ್ರಮದ ಬರಹ’ ಅನ್ನಬಹುದು.

ಉತ್ತರ 1

ಅನ್ನಬಾರದು. ಧ ಎಲ್ಲಿ ಬಂದರೂ 9. ಅವರ 48 ಒಂದು ಕಡೆ ಬಣ್ಣ, ಒಂದು ಕಡೆ ಜಿಗಿತ.

ಉತ್ತರ 4

ಜೋಡಣೆ ಅನ್ನೋ ಮಾತೇ ಇಲ್ಲಿಗೆ ಹೊಂದಲ್ಲ, ಕೈ ಇರಲಿ ಬಿಡಲಿ. ಎಡ್ಸ್ಯಾಕ್ ಕಂಪ್ಯೂಟರ್ 1949ರಲ್ಲಿ ಕೇಂಬ್ರಿಜ್‌ನಲ್ಲಿ ಕೆಲಸ ಶುರುಮಾಡಿತು. ಅದರ ಮೇಲೆ ಕೆಲಸ ಮಾಡಿದ ವಿಲ್ಕ್ಸ್, ವೀಲರ್, ಗಿಲ್ 1951ರ ತಮ್ಮ ಪುಸ್ತಕದಲ್ಲಿ ಅಸೆಂಬಲ್ ಅಂದದ್ದು, ಪ್ರೋಗ್ರಾಮಿನ ಬೇರೆ ಬೇರೆ ತುಂಡುಗಳನ್ನು ಸೇರಿಸಿ ಒಂದು ಮಾಡುವುದಕ್ಕೆ. ಅಲ್ಲಿ ನಿಜವಾಗಿ ಜೋಡಣೆ ಇತ್ತು. ಈ ನೋಟ್‌ಬುಕ್ಕಿನಲ್ಲಿ ಏನನ್ನೂ ಜೋಡಿಸಿಲ್ಲ. ಒಂದು ಬರಹವನ್ನು ಇನ್ನೊಂದಕ್ಕೆ ಇಳಿಸಿದ್ದಾರೆ, ಅಷ್ಟೇ.

ಹಾಗಾಗಿ ಹೆಸರುಪದ ಹುಡುಕಬೇಡಿ, ಕ್ರಿಯೆ ಹಿಡಿಯಿರಿ. ಬರಹಕ್ಕಿಳಿಸು, ಕಾಗದಕ್ಕಿಳಿಸು ಅಂತೀವಲ್ಲ, ಹಾಗೆಯೇ ‘ಅಂಕಿಗಿಳಿಸು’. ಕೈಯಲ್ಲಿ ಅನ್ನೋದಕ್ಕಿಂತ ‘ಕೈಯಾರೆ’ ಚೆಂದ. ‘ಅಸೆಂಬ್ಲರ್ ಇಲ್ಲದೆ, ಪಟ್ಟಿ ನೋಡಿ ಕೈಯಾರೆ ಅಂಕಿಗಿಳಿಸಿದ ಪ್ರೋಗ್ರಾಮ್.’

ಉತ್ತರ 2

> ಅಸೆಂಬ್ಲರ್ … ಪ್ರೋಗ್ರಾಮ್

ಹೀಗೆ ಎಲ್ಲವನ್ನೂ ಹಾಗೇ ತಗೊಳ್ಳೋದಾದರೆ ಈ ಗುಂಪು ಯಾಕೆ ಬೇಕು? ಕಷ್ಟ ಅನ್ನಿಸಿದ ಕೂಡಲೇ ಎರವಲು. ಇದು ಸೋಮಾರಿತನ.

ಉತ್ತರ 4

ಪೆನ್ಸಿಲ್, ಟೇಪು ಇವಕ್ಕೂ ಕಟ್ಟಿ ಕೊಡಿ, ಕಾಯುತ್ತೇವೆ. ‘ಕಡತ’ ನೋಡಿ. ಮಸಿ ಬಳಿದ ಬಟ್ಟೆಯನ್ನು ಮಡಿಸಿ, ಬಳಪದಲ್ಲಿ ಬರೆಯುತ್ತಿದ್ದ ಪುಸ್ತಕ ಅದು. ಆಮೇಲೆ ಕಚೇರಿಯ ಫೈಲಿಗೆ ಬಂತು, ಈಗ ಕಂಪ್ಯೂಟರಿನ ಫೈಲಿಗೂ ಬಂದಿದೆ. ಹೊಸದಾಗಿ ಕಟ್ಟಿದ ಪದವಲ್ಲ. ಜನ ಬಳಸುತ್ತಾ ಬಳಸುತ್ತಾ ಹಿಗ್ಗಿದ್ದು.

ಉತ್ತರ 3

ಕಡತ ಬಂತಲ್ಲ ಅಂತ ಒಂದು ಮಾತು. ಅದನ್ನು ‘ಕಡೆ’ ಧಾತುವಿಗೆ ಗಂಟುಹಾಕಬಹುದಾ ಅಂತ ನನಗೆ ಹಳೆಯ ಅನುಮಾನ…

ಉತ್ತರ 1

ದಯವಿಟ್ಟು ಅದಕ್ಕೆ ಬೇರೆ ಎಳೆ ಶುರುಮಾಡಿ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಥ್ಯಾಂಕ್ಸ್. ‘ಕೈಯಾರೆ ಅಂಕಿಗಿಳಿಸಿದ ಪ್ರೋಗ್ರಾಮ್’ ಅಂತಲೇ ಕಳಿಸಿದೆ. ಅಚ್ಚಿನವರು ಫೋನ್ ಮಾಡಿ, ಅಂಕಿಗಳ ಸಾಲಿನಲ್ಲಿ ಕೊನೆಯ 201 ಚೀಟಿಯ ಅಗಲಕ್ಕೆ ಹಿಡಿಸ್ತಿಲ್ಲ, ತೆಗೆದುಬಿಡಲಾ ಅಂದರು. ಬೇಡ ಅಂದೆ. ಅದು ವಾಪಸ್ ಬಾ ಅನ್ನೋ ಆದೇಶ. ಅಕ್ಷರ ಚಿಕ್ಕದು ಮಾಡಿ ಅಂತ ಹೇಳಿದ್ದೇನೆ.

ಉತ್ತರ 2

‘ಅಂಕಿ’ಯೂ ಸಂಸ್ಕೃತದ ‘ಅಂಕ’ದಿಂದ ಬಂದದ್ದೇ. ‘ಕೈಯಾರೆ’ ಒಂದನ್ನು ಒಪ್ಪಿದೆ.