ಗುರಿ ಅಭ್ಯಾಸಕ್ಕೆ ಪೂರ್ಣಗಾತ್ರದ .22 ಪಿಸ್ತೂಲು: ಯಾವುದನ್ನು ಆರಿಸಿಕೊಳ್ಳಬೇಕು?

ಪ್ರಶ್ನೆ: ಗುತ್ತಲು ರಸ್ತೆಯವನು, ಮಂಡ್ಯ

ಮಾನ್ಯರೇ, ನನಗೀಗ ನಲವತ್ತೆಂಟು ವರ್ಷ. ಕಾಲೇಜಿನಲ್ಲಿದ್ದಾಗ ಎನ್‌ಸಿಸಿಯ .22 (ನಳಿಕೆಯ ಒಳವ್ಯಾಸ 0.22 ಇಂಚು) ರೈಫಲಿನಿಂದ ಹೊಡೆದ ಐದು ಗುಂಡುಗಳ ರುಚಿ ಇನ್ನೂ ನಾಲಿಗೆಯ ಮೇಲಿದೆ. ಎರಡು ವರ್ಷಗಳಿಂದ ಭಾನುವಾರಗಳಂದು ಮೈಸೂರಿಗೆ ಹೋಗಿ ಹತ್ತು ಮೀಟರ್ ಏರ್ ಪಿಸ್ತೂಲು ಅಭ್ಯಾಸ ಮಾಡುತ್ತಿದ್ದೇನೆ. ಕಳೆದ ತಿಂಗಳು ರೇಂಜಿನಲ್ಲಿ ಹಿರಿಯರೊಬ್ಬರು ಪಕ್ಕದಲ್ಲೇ ನಿಂತು ತಮ್ಮ ಹಳೆಯ .22 ಪಿಸ್ತೂಲಿನಿಂದ ಹತ್ತು ಗುಂಡು ಹೊಡೆಸಿದರು. ಅಂದಿನಿಂದ ಮನಸ್ಸು ಅಲ್ಲೇ ನೆಟ್ಟಿದೆ. ನನಗೆ ಸ್ಪರ್ಧೆಯ ಆಸೆಯಿಲ್ಲ, ಆತ್ಮರಕ್ಷಣೆಯ ಮಾತಂತೂ ಇಲ್ಲವೇ ಇಲ್ಲ. ಕಾಗದದ ಗುರಿಗೆ ನೆಮ್ಮದಿಯಿಂದ ಹೊಡೆಯಲು ಕೈತುಂಬ ಹಿಡಿಯುವಂಥದ್ದು ಬೇಕು. ವಿಡಿಯೋಗಳಲ್ಲಿ ರೂಗರ್ ಮಾರ್ಕ್ 4, ಸ್ಮಿತ್ ಅಂಡ್ ವೆಸನ್ ವಿಕ್ಟರಿ, ಬ್ರೌನಿಂಗ್ ಬಕ್ ಮಾರ್ಕ್ ಇವುಗಳನ್ನು ಹೊಗಳುತ್ತಾರೆ. ಇಲ್ಲಿನ ವ್ಯಾಪಾರಿಯೊಬ್ಬರು ಇಶಾಪುರದ ಸರ್ಕಾರಿ ರೈಫಲ್ ಕಾರ್ಖಾನೆಯ ನಿಡರ್ ರಿವಾಲ್ವರನ್ನೇ ತೆಗೆದುಕೊಳ್ಳಿ ಎನ್ನುತ್ತಾರೆ. ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ 1: ಕುವೆಂಪುನಗರದ ಗುರಿಗಾರ

ನಿಡರ್ ಬೇರೆ ಜಾತಿಯದು, ಅದನ್ನು ಮೊದಲು ಪಕ್ಕಕ್ಕಿಡಿ. ಎಂಟು ಗುಂಡು ಹಿಡಿಯುವ ಆ ರಿವಾಲ್ವರಿನ ತೂಕ ಕೇವಲ 250 ಗ್ರಾಂ. ಕೈಚೀಲದಲ್ಲಿ ಇಟ್ಟುಕೊಂಡು ಓಡಾಡುವವರಿಗೆ ಗುಣವಾಗಿರುವ ಅದೇ ಹಗುರತನ ಗುರಿ ಹಿಡಿಯುವವರಿಗೆ ದೋಷ. ಅದರ ಗಿಡ್ಡ ಗಾತ್ರವೂ ಹಾಗೆಯೇ, ಇದನ್ನು ಲೆಕ್ಕ ಹಾಕಿಯೇ ನೋಡಬಹುದು. ಮುಂದಿನ ಗುರಿಕಡ್ಡಿಗೂ ಹಿಂದಿನ ಕಚ್ಚಿಗೂ ನಡುವೆ 220 ಮಿ.ಮೀ. ಅಂತರವಿರುವ ಪಿಸ್ತೂಲಿನಲ್ಲಿ ಕಡ್ಡಿ ಅರ್ಧ ಮಿ.ಮೀ. ಓರೆಯಾದರೆ 25 ಮೀಟರ್ ದೂರದ ಕಾಗದದಲ್ಲಿ ಗುಂಡು ಸುಮಾರು 57 ಮಿ.ಮೀ. ಸರಿದು ಬೀಳುತ್ತದೆ, ಆ ಅಂತರ 100 ಮಿ.ಮೀ. ಮಾತ್ರ ಇದ್ದರೆ ಅದೇ ಅರ್ಧ ಮಿ.ಮೀ. ತಪ್ಪಿಗೆ 125 ಮಿ.ಮೀ. ದಂಡ ತೆರಬೇಕಾಗುತ್ತದೆ. ನಿಖರ ಗುರಿಯ ಕಾಗದದಲ್ಲಿ ನಡುವಿನ ಹತ್ತು ಅಂಕದ ವೃತ್ತದ ವ್ಯಾಸವೇ 50 ಮಿ.ಮೀ. ಆಗಿರುವುದರಿಂದ, ಎಂಟು ಅಂಕ ಸಿಗುತ್ತಿದ್ದ ಕೈಗೆ ಆರು ಸಿಗುತ್ತದೆ. ಪೂರ್ಣಗಾತ್ರ ಎಂಬುದಕ್ಕೆ ಇರುವ ಅರ್ಥ ಇದು, ನೋಟದ ಠೀವಿಯಲ್ಲ.

ತೂಕವೂ ಅಷ್ಟೇ. ಒಂದು ಕಿಲೋ ಆಸುಪಾಸಿನ ಪಿಸ್ತೂಲು ಕೈಯಲ್ಲಿ ಸುಮ್ಮನೆ ಕೂರುತ್ತದೆ. ಆದರೆ ಅರವತ್ತನೆಯ ಗುಂಡಿನ ಹೊತ್ತಿಗೆ ಭುಜ ದೂರು ಹೇಳತೊಡಗುತ್ತದೆ. ಏರ್ ಪಿಸ್ತೂಲಿನ ಸ್ಪರ್ಧೆಗಳಲ್ಲಿ ಟ್ರಿಗರಿಗೆ ಕನಿಷ್ಠ 500 ಗ್ರಾಂ ಒತ್ತಡವಿದ್ದರೆ 25 ಮೀಟರಿನ .22 ಪಿಸ್ತೂಲಿಗೆ ಕನಿಷ್ಠ 1000 ಗ್ರಾಂ ಇರಬೇಕು, ಆದ್ದರಿಂದ ಮೊದಮೊದಲು ಬೆರಳು ಮೊಂಡು ಹಿಡಿದಂತೆ ಅನ್ನಿಸಿದರೆ ಗಾಬರಿಯಾಗಬೇಡಿ. ಕೊಳ್ಳುವ ಮುನ್ನ ಒಂದು ಪರೀಕ್ಷೆ ಮಾಡಿ: ಖಾಲಿಯೆಂದು ಎರಡು ಬಾರಿ ನೋಡಿಕೊಂಡ ಪಿಸ್ತೂಲನ್ನು ರೇಂಜಿನಲ್ಲಿ ಕಣ್ಣು ಮುಚ್ಚಿ ಎತ್ತಿ, ಕೈ ನಿಂತ ಮೇಲೆ ಕಣ್ಣು ತೆರೆಯಿರಿ. ಕಡ್ಡಿ ಕಚ್ಚಿನ ನಡುವೆಯೇ ಕಂಡರೆ ಆ ಹಿಡಿ ನಿಮ್ಮ ಕೈಯದು. ಪ್ರತಿಸಲವೂ ಎಡಕ್ಕೋ ಕೆಳಕ್ಕೋ ಕಾಣುವುದಾದರೆ ಎಷ್ಟು ದೊಡ್ಡ ಹೆಸರಿನದಾದರೂ ಬಿಟ್ಟುಬಿಡಿ.

ಉತ್ತರ 2: ಮಂಡ್ಯದ ಒಬ್ಬ ವಕೀಲ

ಗುರಿಗಾರರು ಹೇಳಿದ್ದು ಸರಿ, ಆದರೆ ಅದಕ್ಕೂ ಮೊದಲಿನ ಮೆಟ್ಟಿಲು ಪರವಾನಗಿ. ನಿಮ್ಮ ಏರ್ ಪಿಸ್ತೂಲು 4.5 ಮಿ.ಮೀ. ನಳಿಕೆಯದಾಗಿದ್ದು ಅದರ ಶಕ್ತಿ 20 ಜೌಲಿನೊಳಗೆ ಇರುವುದರಿಂದ ನೀವು ಇದುವರೆಗೆ ಕಚೇರಿಯ ಬಾಗಿಲು ತಟ್ಟಬೇಕಾಗಿರಲಿಲ್ಲ. .22 ಹಾಗಲ್ಲ. ಅದು 9 ಮಿ.ಮೀ.ನಂತೆ ನಿಷೇಧಿತ ಬೋರ್ (ನಳಿಕೆಯ ಒಳವ್ಯಾಸ) ಅಲ್ಲದಿದ್ದರೂ ಪರವಾನಗಿ ಬೇಕೇ ಬೇಕು. ಮಂಡ್ಯದವರಾದ ನಿಮಗೆ ಜಿಲ್ಲಾಧಿಕಾರಿಗಳ ಕಚೇರಿ, ಮೈಸೂರು ನಗರದವರಿಗೆ ಪೊಲೀಸ್ ಆಯುಕ್ತರ ಕಚೇರಿ. ಅರ್ಜಿಯಲ್ಲಿ ಉದ್ದೇಶವನ್ನು ಗುರಿ ಅಭ್ಯಾಸವೆಂದೇ ಬರೆದು ಕ್ಲಬ್ಬಿನ ಸದಸ್ಯತ್ವದ ಪತ್ರವನ್ನು ಲಗತ್ತಿಸಿ. ನನ್ನದೇ ಕಡತ ಒಂದು ಕಚೇರಿಯಲ್ಲಿ ಹದಿನಾಲ್ಕು ತಿಂಗಳು ಮಲಗಿತ್ತು. ತಾಳ್ಮೆಯನ್ನೂ ಜೊತೆಗೆ ಲಗತ್ತಿಸಿಕೊಳ್ಳಿ.

2019ರ ತಿದ್ದುಪಡಿಯ ನಂತರ ಸಾಮಾನ್ಯ ಪರವಾನಗಿದಾರರು ಎರಡಕ್ಕಿಂತ ಹೆಚ್ಚು ಬಂದೂಕು ಇಟ್ಟುಕೊಳ್ಳುವಂತಿಲ್ಲ. ರೈಫಲ್ ಕ್ಲಬ್ಬಿನ ಸದಸ್ಯರಿಗೆ ಆಯುಧ ಕಾಯ್ದೆಯ 3ನೆಯ ಕಲಮಿನಲ್ಲಿ ಈ ಮಿತಿಯಿಂದ ವಿನಾಯಿತಿ ಇದೆಯೆಂದು ಕೆಲವರು ಹೇಳುವುದುಂಟು, ಆದರೆ ಅಲ್ಲಿರುವ ಪದ .22 ರೈಫಲ್ ಮತ್ತು ಏರ್ ರೈಫಲ್, ಪಿಸ್ತೂಲಲ್ಲ. ಅಜ್ಜನ ಕಾಲದ ತೋಟದ ಕೋವಿಗಳು ಈಗಾಗಲೇ ನಿಮ್ಮ ಹೆಸರಿನಲ್ಲಿದ್ದರೆ ಅವನ್ನೂ ಲೆಕ್ಕಕ್ಕೆ ಹಿಡಿಯಿರಿ. ಇನ್ನು, ನೀವು ಹೆಸರಿಸಿದ ಮೂರೂ ಅಮೆರಿಕದ ಪಿಸ್ತೂಲುಗಳು. ಸಾಧನೆ ಪ್ರಮಾಣಿತವಾದ ಶೂಟರುಗಳಿಗಿರುವ ಆಮದಿನ ಅವಕಾಶ ಹವ್ಯಾಸಿಗಳಾದ ನಮಗಿಲ್ಲ. ದೇಶದೊಳಗೆ ಈಗಾಗಲೇ ಇರುವುದನ್ನು ಅನುಮತಿ ಪಡೆದು ಕೈ ಬದಲಾಯಿಸಿಕೊಳ್ಳುವುದೊಂದೇ ದಾರಿ.

ಉತ್ತರ 3: ಸರಸ್ವತಿಪುರಂನವನು, ಈಗ ಡಲ್ಲಾಸ್

ನಾನು ಇಲ್ಲಿನ ಕಾಯಂ ನಿವಾಸಿಯಾದ್ದರಿಂದ ಆ ಮೂರನ್ನೂ ಬಳಸಿದ್ದೇನೆ. ಕುತೂಹಲಕ್ಕೆಂದು ಓದಿಕೊಳ್ಳಿ. ಐದೂವರೆ ಇಂಚಿನ ದಪ್ಪ ನಳಿಕೆಯ ಸ್ಟೇನ್‌ಲೆಸ್ ಉಕ್ಕಿನ ರೂಗರ್ ಸುಮಾರು 1.2 ಕಿಲೋ ತೂಗುತ್ತದೆ, ವಿಕ್ಟರಿ ಒಂದು ಕಿಲೋ. ಎರಡೂ 2016ರಲ್ಲಿ ಬಂದವು. 1985ರಿಂದ ಇರುವ ಬಕ್ ಮಾರ್ಕಿನ ಟ್ರಿಗರು ನನ್ನ ಬೆರಳಿಗೆ ಎಲ್ಲಕ್ಕಿಂತ ಹಿತವೆನಿಸಿದರೂ ಬಿಚ್ಚಿ ತೊಳೆಯಬೇಕೆಂದರೆ ಹಿಂದಿನ ಗುರಿಯ ಕೆಳಗಿನ ತಿರುಪುಗಳನ್ನೇ ಸಡಿಲಿಸಬೇಕು. ಮಾರ್ಕ್ 4ರ ಹಿರಿಮೆ ಗುಂಡಿಯೊಂದನ್ನು ಒತ್ತಿದರೆ ಬಿಚ್ಚಿಕೊಳ್ಳುವುದರಲ್ಲಿದೆ. ಅದರ ಹಿಂದಿನ ಮಾರ್ಕ್ 3ನ್ನು ಬಿಚ್ಚಿದ ಒಂದು ಸಂಜೆ ಅದನ್ನು ಮತ್ತೆ ಕೂಡಿಸಲಾಗದೆ ಡಬ್ಬಿಯಲ್ಲಿ ತುಂಬಿಟ್ಟು ಊಟಕ್ಕೆ ಎದ್ದವನು ನಾನು. ಯಾವುದನ್ನೇ ಹಿಡಿದರೂ ತೋಟಾ ವಿಷಯದಲ್ಲಿ .22 ಬಾಯಿರುಚಿಯುಳ್ಳದ್ದು: ಒಂದು ಕಂಪನಿಯ ತೋಟಾ ಸಲೀಸಾಗಿ ಓಡಿದರೆ ಇನ್ನೊಂದು ಸಿಕ್ಕಿಕೊಳ್ಳುತ್ತದೆ. ಹಳೆಯದನ್ನು ಕೊಳ್ಳುವವರು ನಿಮ್ಮೂರಿನಲ್ಲಿ ಸಿಗುವ ತೋಟಾದಲ್ಲೇ ಐವತ್ತು ಗುಂಡು ಹೊಡೆದು ನೋಡಬೇಕು.

ಪ್ರಶ್ನೆ ಕೇಳಿದವನು

ಎಲ್ಲರಿಗೂ ವಂದನೆಗಳು. ನಾನು ಹೇಳಿದ ಆ ಹಿರಿಯರು ತಮ್ಮ ಪಿಸ್ತೂಲನ್ನೇ ಮಾರುವ ಯೋಚನೆಯಲ್ಲಿದ್ದಾರೆಂದು ನಿನ್ನೆ ಗೊತ್ತಾಯಿತು. ವಾಲ್ಥರ್ ಜಿಎಸ್‌ಪಿ, ಮ್ಯಾಗಜೀನು ಟ್ರಿಗರಿನ ಮುಂದಿದೆ, ಐದೇ ಗುಂಡು. ಏರ್ ಪಿಸ್ತೂಲಿನಂತೆ ಇದರಲ್ಲೂ ಗುಂಡಿಲ್ಲದೆ ಟ್ರಿಗರ್ ಎಳೆದು ಅಭ್ಯಾಸ ಮಾಡಬಹುದೇ?

ಉತ್ತರ: ಕುವೆಂಪುನಗರದ ಗುರಿಗಾರ

ಅದು ಸಿಕ್ಕರೆ ಬಿಡಬೇಡಿ. ಐದೇ ಗುಂಡು ಎಂಬುದು ಕೊರತೆಯಲ್ಲ, 25 ಮೀಟರ್ ಸ್ಪರ್ಧೆಗಳ ಸರದಿಯೇ ಐದು ಗುಂಡಿನದು. ಖಾಲಿ ಟ್ರಿಗರ್ ಎಳೆಯುವುದು ಮಾತ್ರ ಬೇಡ. ರಿಮ್‌ಫೈರ್ ತೋಟಾದ ಸಿಡಿಮದ್ದು ಹಿಂಬದಿಯ ಅಂಚಿನ ಮಡಿಕೆಯೊಳಗಿರುವುದರಿಂದ ಪಿನ್ನು ಹೊಡೆಯುವುದು ಅಂಚಿಗೆ; ತೋಟಾ ಇಲ್ಲದಿದ್ದರೆ ಆ ಪೆಟ್ಟು ನೇರವಾಗಿ ನಳಿಕೆಯ ಬಾಯಿಗೆ ಬಿದ್ದು ಗುಳಿ ಮಾಡಬಹುದು. ಮನೆಯ ಅಭ್ಯಾಸಕ್ಕೆ ನಿಮ್ಮ ಏರ್ ಪಿಸ್ತೂಲೇ ಸಾಕು. ತೋಟಾ ಸಿಡಿಯದೆ ಉಳಿದಾಗ ತಕ್ಷಣ ತೆರೆದು ನೋಡುವ ಚಪಲ ಬೇಡ, ಮೂತಿಯನ್ನು ಗುರಿಯತ್ತಲೇ ಇಟ್ಟು ಮೂವತ್ತು ಸೆಕೆಂಡು ಕಾಯಿರಿ. ಈ ಪುಟ್ಟ ಗುಂಡು ಒಂದೂವರೆ ಕಿಲೋಮೀಟರ್ ದಾಟಬಲ್ಲದು, ಆದ್ದರಿಂದ ನಾಲೆಯ ಏರಿಗೆ, ಕಬ್ಬಿನ ಗದ್ದೆಯ ಬದುವಿಗೆ ಹೊಡೆದು ನೋಡುವ ಮಾತೇ ಇಲ್ಲ. ಮುಂದಿನ ಭಾನುವಾರ ಬನ್ನಿ, ಆ ಕಣ್ಣು ಮುಚ್ಚುವ ಪರೀಕ್ಷೆಯನ್ನು ಆ ಜಿಎಸ್‌ಪಿಯಲ್ಲೇ ಮಾಡೋಣ.