ಅಪ್‌ಡೇಟ್: ಸೈಕಲ್ ಎಂಜಿನ್ ತಡವರಿಸುವುದು ನಿಂತಿತು

ಸೈಕಲ್‌ಗೆ ಕೂರಿಸಿದ 66 ಸಿಸಿ ಟೂ-ಸ್ಟ್ರೋಕ್ ಎಂಜಿನ್ ಅರ್ಧ ಥ್ರಾಟಲ್ ದಾಟಿದರೆ ತಡವರಿಸುತ್ತದೆ, ಪೋರ್ಟ್ (ಸಿಲಿಂಡರಿನ ಗಾಳಿ-ಹೊಗೆಯ ಕಿಂಡಿ) ಅಗಲ ಮಾಡಲೇ ಎಂದು ಕೇಳಿದ್ದೆ. ಮೊದಲು ಸ್ಪಾರ್ಕ್ ಪ್ಲಗ್ ಬಿಚ್ಚಿ ನೋಡಿ ಅಂದಿರಿ. ನೋಡಿದೆ. ಮಸಿ ಹಿಡಿದು ಒದ್ದೆಯಾಗಿತ್ತು. ಪೆಟ್ರೋಲ್ ಜಾಸ್ತಿ ಹೋಗುತ್ತಿತ್ತು, ಅಷ್ಟೇ!

ಕಾರ್ಬುರೇಟರ್ ಸೂಜಿಯ ಕ್ಲಿಪ್ಪನ್ನು ಒಂದು ಕಚ್ಚು ಮೇಲೆ ಹಾಕಿದೆ. ಸೂಜಿ ಕೆಳಗಿಳಿಯಿತು, ಪೆಟ್ರೋಲ್ ಹರಿವು ಕಮ್ಮಿಯಾಯಿತು, ತಡವರಿಕೆ ನಿಂತಿತು. ಈಗ ಪ್ಲಗ್ ತುದಿ ಕಾಫಿ ಬಣ್ಣಕ್ಕೆ ಬಂದಿದೆ. ಇನ್ನೊಂದು ಕಚ್ಚು ಏರಿಸಲಿಲ್ಲ. ಪೆಟ್ರೋಲ್ ತೀರಾ ಕಮ್ಮಿಯಾದರೆ ಪಿಸ್ಟನ್ ಕಾದು ಸೀಜ್ ಆಗುತ್ತದೆ (ಸಿಲಿಂಡರಿನಲ್ಲಿ ಕಚ್ಚಿಕೊಳ್ಳುತ್ತದೆ), ಅಲ್ವಾ. ಕಾರ್ಬುರೇಟರ್ ಕಡೆಯ ಇನ್‌ಟೇಕ್ ಗ್ಯಾಸ್ಕೆಟ್ (ಸಂದು ಮುಚ್ಚುವ ತೆಳು ಹಾಳೆ) ಕೂಡ ಪೋರ್ಟಿನ ಬಾಯಿಗೆ ಅಡ್ಡ ಬಂದಿತ್ತು, ಬ್ಲೇಡಿನಿಂದ ಸರಿಯಾಗಿ ಕತ್ತರಿಸಿದೆ.

ಹಿಂದಿನ ಚಕ್ರಕ್ಕೆ 44 ಹಲ್ಲಿನ ಬದಲು 36 ಹಲ್ಲಿನ ಸ್ಪ್ರಾಕೆಟ್ (ಚೈನ್ ಕೂರುವ ಹಲ್ಲಿನ ಗಾಲಿ) ಹಾಕಿದ್ದೇನೆ. ಅದೇ ವೇಗಕ್ಕೆ ಎಂಜಿನ್ ಕಿರುಚುವುದಿಲ್ಲ. ಏರಿನಲ್ಲಿ ಮಾತ್ರ ಪೆಡಲ್ ತುಳಿಯಬೇಕು. ಪೋರ್ಟ್ ಮುಟ್ಟಿಲ್ಲ. ತುಂಬಾ ಥ್ಯಾಂಕ್ಸ್.